ಕಾಮಿಕ್ ಕಾನ್‌ನಲ್ಲಿ ಕೆಲಸ ಮಾಡುವ ಆಸೆ, ಮನೆಯಲ್ಲಿ ಕಾಫಿ ಕುಯ್ಲು: ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಶನಿವಾರಸಂತೆ ಹತ್ತಿರದ ಹಳ್ಳಿ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೇನೆ. ಚಿಕ್ಕಂದಿನಿಂದ ಕಾಮಿಕ್ಸ್ ಎಂದರೆ ಪ್ರಾಣ. ಈಗ ಸ್ವಂತವಾಗಿ 12 ಪುಟದ ಒಂದು ಕಥೆ ಬರೆದು ಚಿತ್ರ ಹಾಕಿದ್ದೇನೆ. ಕಾಮಿಕ್ಸ್ ಪ್ರಿಯರೆಲ್ಲ ಸೇರುವ ಬೆಂಗಳೂರಿನ ಸಮಾವೇಶ, ಕಾಮಿಕ್ ಕಾನ್‌ನಲ್ಲಿ ಕೆಲಸ ಮಾಡಬೇಕು, ಸಾಧ್ಯವಾದರೆ ನನ್ನ ಪುಸ್ತಕವನ್ನೂ ಅಲ್ಲಿ ಇಡಬೇಕು ಅಂತ ಆಸೆ. ಅದು ಬರುವುದು ಕಾಫಿ ಕುಯ್ಲಿನ ಹೊತ್ತಿಗೇ. ‘ಮಕ್ಕಳ ಪುಸ್ತಕ ಹಿಡ್ಕೊಂಡು ಬೆಂಗಳೂರಿಗೆ ಹೋಗ್ತಾಳಂತೆ’ ಅಂತಾರೆ ಅಪ್ಪ. ನನಗೂ ಹೊಸಬರ ಜೊತೆ ಮಾತಾಡೋಕೆ ಅಂಜಿಕೆ. ಅಲ್ಲಿನ ಕೆಲಸ ಹೇಗಿರುತ್ತೆ? ನನ್ನಂಥವಳಿಂದ ಆಗುತ್ತಾ? ನಮ್ಮ ಕೊಡಗಿನಲ್ಲೇ ಇಂಥದ್ದೊಂದು ಮಾಡೋಕೆ ಆಗಲ್ವಾ?

ಉತ್ತರ: ಆಗುತ್ತದೆ, ಹೋಗಿ. ನಿಮ್ಮ ಅಂಜಿಕೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಅಡ್ಡಿ ಅಂತ ನೀವು ತಿಳಿದಿದ್ದೀರಿ, ನನಗೆ ಹಾಗನ್ನಿಸುವುದಿಲ್ಲ.

ಕಾಮಿಕ್ಸ್‌ನ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಕೂರಿಸುವುದು ನನ್ನ ಕಸುಬು. 2013ರಿಂದ ಇಂಥ ಸಮಾವೇಶಗಳಿಗೆ ಹೋಗುತ್ತಿದ್ದೇನೆ. ಬೇರೆಯವರ ಪುಸ್ತಕ ಮಾರಿದ್ದೇನೆ, ಗೇಟಿನಲ್ಲಿ ನಿಂತು ಬಂದವರ ಕೈಗೆ ಪಟ್ಟಿ ಕಟ್ಟಿದ್ದೇನೆ, ಗುಂಪಿನಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮ ಬರುವ ತನಕ ಚಿತ್ರ ಬರೆಸಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಕಲಿತದ್ದನ್ನು ಒಂದು ಮಧ್ಯಾಹ್ನದ ಕಥೆಯಲ್ಲಿ ಹೇಳಿಬಿಡುತ್ತೇನೆ.

ಶನಿವಾರ, ಊಟದ ಹೊತ್ತು. ಹದಿನಾರೋ ಹದಿನೇಳೋ ವಯಸ್ಸಿನ ಹುಡುಗನೊಬ್ಬ ನಮ್ಮ ಮೇಜಿನ ಎಡಮೂಲೆಗೆ ಬಂದು ನಿಂತ. ಒಂದು ಪುಸ್ತಕ ಎತ್ತಿಕೊಂಡು ನೇರವಾಗಿ ಮಧ್ಯದ ಪುಟ ತೆರೆದ, ನೋಡಿದ, ಇಟ್ಟು ಹೋದ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದ. ಅದೇ ಪುಸ್ತಕ, ಅದೇ ಪುಟ. ಮೂರನೇ ಸಲವೂ ಹಾಗೇ. ಪಕ್ಕದ ಮೇಜಿನವರು ‘ಬನ್ನಿ ಬನ್ನಿ, ಮೂರು ತಗೊಂಡ್ರೆ ಒಂದು ಫ್ರೀ’ ಎಂದು ಕೂಗುತ್ತಿದ್ದರು. ನಾನು ಸುಮ್ಮನಿದ್ದೆ. ನಾಲ್ಕನೇ ಸಲ ಬಂದಾಗ ‘ಯಾವ ಚಿತ್ರ ನೋಡ್ತಿದೀರಿ?’ ಎಂದು ಮಾತ್ರ ಕೇಳಿದೆ. ಅವನು ಬೆರಳಿಟ್ಟು ತೋರಿಸಿದ. ಹೆಂಗಸೊಬ್ಬಳು ಸೀರೆಯ ನೆರಿಗೆ ಎತ್ತಿ ಹಿಡಿದು ಹೊಳೆ ದಾಟುವ ಚಿತ್ರ. ಆ ಚೌಕದಲ್ಲಿ ಒಂದೇ ಒಂದು ಮಾತಿಲ್ಲ. ‘ಇಲ್ಲಿ ಯಾಕೆ ಏನೂ ಬರ್ದಿಲ್ಲ?’ ಅಂದ. ಅಲ್ಲಿಂದ ಶುರುವಾದ ಮಾತು ಅರ್ಧ ಗಂಟೆ ನಡೆಯಿತು. ಅವನ ಕಾಲೇಜಿನಲ್ಲಿ ಕಾಮಿಕ್ಸ್ ಓದುವವರು ಇನ್ನೊಬ್ಬರಿಲ್ಲವಂತೆ. ಅವನ ದುಡ್ಡೆಲ್ಲ ಟಿಕೆಟ್ಟಿಗೂ ಬಸ್ಸಿಗೂ ಆಗಿಹೋಗಿತ್ತು. ಕೊನೆಗೆ ‘ಇದನ್ನ ಬರ್ಕೊಳ್ಳಲಾ?’ ಅಂದ. ನಾವು ಪುಸ್ತಕದ ಒಂದು ರಾಶಿ ಸರಿಸಿ ಮೂಲೆಯಲ್ಲಿ ಜಾಗ ಮಾಡಿಕೊಟ್ಟೆವು. ನಿಂತಲ್ಲೇ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಆ ಹೊಳೆಯನ್ನು ಬರೆದುಕೊಂಡ.

ಕೂಗುವ ಮೇಜಿಗೆ ಆ ಹುಡುಗ ಹೋಗುವವನಲ್ಲ. ಸಮಾವೇಶಕ್ಕೆ ಬರುವ ಜನರಲ್ಲಿ ಅವನಂಥವರು ಬಹಳ. ವರ್ಷವಿಡೀ ಒಬ್ಬರೇ ಓದಿ, ಒಬ್ಬರೇ ನಕ್ಕು, ಓದಿದ್ದನ್ನು ಹೇಳಿಕೊಳ್ಳಲು ಜನವಿಲ್ಲದೆ ಇರುವವರು. ಅವರನ್ನು ಗುರುತಿಸಿ, ಅವರಾಗಿ ಬಾಯಿ ಬಿಡುವ ತನಕ ಕಾಯುವುದೇ ಮೇಜಿನ ಹಿಂದಿನ ಅಸಲು ಕೆಲಸ. ಮಾತಿಗೆ ಅಂಜುವವರಿಗೆ ಅಂಜುವವರ ಗುರುತು ಬೇಗ ಸಿಗುತ್ತದೆ.

ಕಾಮಿಕ್ಸ್ ಪ್ರಿಯರು ಒಂದು ಬಳಗವಾಗಿ ಬೆಳೆದದ್ದೂ ಹೀಗೇ, ಒಬ್ಬರನ್ನೊಬ್ಬರು ಹುಡುಕಿಕೊಂಡು. 1960ರ ಸುಮಾರಿಗೆ ಅಮೆರಿಕದ ಕಾಮಿಕ್ಸ್ ಪುಸ್ತಕಗಳು ಓದುಗರ ಪತ್ರಗಳನ್ನು ಪೂರ್ತಿ ವಿಳಾಸದೊಂದಿಗೆ ಅಚ್ಚು ಹಾಕತೊಡಗಿದವು. ಆ ವಿಳಾಸ ನೋಡಿ ಓದುಗರು ಪರಸ್ಪರ ಕಾಗದ ಬರೆದರು, ನಮ್ಮ ವಾರಪತ್ರಿಕೆಗಳ ಪತ್ರಮಿತ್ರರ ಅಂಕಣದ ಹಾಗೆ. ಕಾಗದದಲ್ಲಿ ಪರಿಚಯವಾದವರು ಮುಖ ನೋಡಲು ಸೇರಿದ್ದೇ ಸಮಾವೇಶವಾಯಿತು. ಇವತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರುವ ಸ್ಯಾನ್ ಡಿಯಾಗೊ ಕಾಮಿಕ್ ಕಾನ್ 1970ರಲ್ಲಿ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಸುಮಾರು 300 ಜನರೊಂದಿಗೆ ಮೊದಲಾಯಿತು. ಟೋಕಿಯೋದ ಕಾಮಿಕೆಟ್ 1975ರಲ್ಲಿ ಬರೀ 32 ಗುಂಪುಗಳು ತಮ್ಮ ಕೈಯಾರೆ ಮಾಡಿದ ಪುಸ್ತಕ ಇಟ್ಟುಕೊಂಡು ಕೂತದ್ದು. ಕಾಮಿಕೆಟ್‌ನ ಒಂದು ರೂಢಿ ನನಗೆ ಬಹಳ ಹಿಡಿಸುತ್ತದೆ. ಅಲ್ಲಿ ಗಿರಾಕಿ ಎಂಬ ಮಾತೇ ಇಲ್ಲ. ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವ ಸ್ವಯಂಸೇವಕರು ಎಲ್ಲರೂ ‘ಭಾಗವಹಿಸುವವರು’.

ನಮ್ಮಲ್ಲಿ ಆ ಬಳಗ ಬಹುಕಾಲ ಅಂಚೆಯಲ್ಲೇ ಇತ್ತು. ಮಕ್ಕಳ ಕಾಗದಗಳಿಗೆ ‘ಅಂಕಲ್ ಪೈ’ ಆಗಿ ಉತ್ತರ ಕೊಡುತ್ತಿದ್ದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅವರ ಅಮರ ಚಿತ್ರ ಕಥೆಯ ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ಪೌರಾಣಿಕ ಪುಸ್ತಕ ‘ಕೃಷ್ಣ’ದ ಸಂಖ್ಯೆ 11 ಎಂದಿರುವುದನ್ನು ನೋಡಿ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾದಂಥ ಪಡುವಣ ಕಥೆಗಳು, ಅವು ಬಂದದ್ದು ಕನ್ನಡದಲ್ಲಿ. 2011ರ ಫೆಬ್ರವರಿ 19ರಂದು ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ಶುರುವಾದಾಗ ಜೀವಮಾನ ಸಾಧನೆಯ ಗೌರವ ಸಂದದ್ದು ಅನಂತ ಪೈ ಅವರಿಗೆ. ಐದು ದಿನಕ್ಕೆ, 24ರಂದು ಅವರು ತೀರಿಕೊಂಡರು. ಮರುವರ್ಷ ಆ ಸಮಾವೇಶ ಬೆಂಗಳೂರಿಗೂ ಬಂತು. ನಿಮ್ಮ ತಂದೆಯವರು ‘ಮಕ್ಕಳ ಪುಸ್ತಕ’ ಎಂದಾಗ ಇದನ್ನು ವಾದಕ್ಕೆ ತೆಗೆಯಬೇಡಿ, ಅವರಿಗೆ ಬೇರೆ ಉತ್ತರ ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಕೆಲಸದ ವಿಷಯ. ಅಲ್ಲಿ ಎರಡು ದಾರಿಯಿವೆ, ಎರಡನ್ನೂ ಒಂದೇ ವರ್ಷ ಹಿಡಿಯಬೇಡಿ. ಒಂದು, ಕೂಲಿಗೆ ಅಥವಾ ಸ್ವಯಂಸೇವಕರಾಗಿ ಗೇಟು, ಸಾಲು, ವೇದಿಕೆ, ಅಂಗಡಿಗಳಲ್ಲಿ ನಿಲ್ಲುವುದು. ಇನ್ನೊಂದು, ಸ್ವಂತ ಮೇಜು ಹಿಡಿಯುವುದು. ಸ್ವಂತ ಮೇಜಿಗೆ ಬಾಡಿಗೆ ಕಟ್ಟಬೇಕು, ಅರ್ಜಿ ತಿಂಗಳುಗಳ ಮೊದಲೇ ಹಾಕಬೇಕು, ಆ ಬಾಡಿಗೆ ಮೊದಲ ಸಲ ಹುಟ್ಟುವುದು ಕಷ್ಟ. ನನ್ನ ಸಲಹೆ ಕೇಳಿದರೆ, ಈ ವರ್ಷ ಈಗಾಗಲೇ ಮೇಜು ಹಿಡಿದಿರುವ ಚಿತ್ರಕಾರರೊಬ್ಬರ ಬಳಿ ಎರಡು ದಿನ ಕೈಯಾಳಾಗಿ ನಿಲ್ಲಿ, ಅದೇ ಮೇಜಿನ ಒಂದು ಮೂಲೆಯಲ್ಲಿ ನಿಮ್ಮ ಪುಸ್ತಕದ 30 ಪ್ರತಿ ಇಡಿ. ಒಬ್ಬರೇ ಮೇಜು ನೋಡಿಕೊಳ್ಳುವವರಿಗೆ ಊಟಕ್ಕೂ ಎದ್ದು ಹೋಗಲು ಆಗುವುದಿಲ್ಲ. ಎರಡನೇ ಜೋಡಿ ಕೈ ಸಿಕ್ಕರೆ ಅವರು ನಿಜಕ್ಕೂ ಖುಷಿಪಡುತ್ತಾರೆ. ನಾನು ಮೊದಲ ಸಲ 60 ಪ್ರತಿ ಹೊತ್ತುಕೊಂಡು ಹೋಗಿದ್ದೆ. ಹೋದದ್ದು 17. ಉಳಿದ 43ನ್ನು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಆ 17 ಜನರಲ್ಲಿ ಮೂವರ ಹೆಸರು ಇವತ್ತಿಗೂ ನನ್ನ ಫೋನಿನಲ್ಲಿದೆ.

ಕೂಲಿಯ ಕೆಲಸ ಹಿಡಿದರೆ ಕಾಗದದ ಮೇಲೆ ಬರೆಸಿಕೊಳ್ಳದೆ ಹೋಗಬೇಡಿ. ಒಂದು ವರ್ಷ ಆಳು ಒದಗಿಸುವ ಮಧ್ಯವರ್ತಿಯೊಬ್ಬರ ಬಾಯಿಮಾತು ನಂಬಿ ಮೂರು ದಿನ ದುಡಿದೆ. ಕೂಲಿಗೆ ನಾಲ್ಕು ತಿಂಗಳು ಫೋನು ಮಾಡಿದೆ, ಆಮೇಲೆ ಅವರು ಫೋನು ಎತ್ತುವುದನ್ನೇ ಬಿಟ್ಟರು. ದಿನಕ್ಕೆ ಎಷ್ಟು, ಎಷ್ಟು ಗಂಟೆ, ಊಟ ಯಾರದ್ದು, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ದುಡ್ಡು ಯಾವ ದಿನ ಖಾತೆಗೆ ಬೀಳುತ್ತದೆ, ಇವಿಷ್ಟೂ ಒಂದು ಮೆಸೇಜಿನಲ್ಲಾದರೂ ಬರೆದು ಬರಲಿ. ಸ್ವಯಂಸೇವೆ ಎಂದರೆ ಟೀ ಶರ್ಟು, ಊಟ, ಸರ್ಟಿಫಿಕೇಟು ಅಷ್ಟೇ ಇರಬಹುದು. ಅದನ್ನು ತಿಳಿದೇ ಒಪ್ಪಿಕೊಂಡರೆ ಬೇಸರವಿಲ್ಲ.

ದಿನ ಹೇಗಿರುತ್ತದೆ ಅಂದರೆ, ಜನ ಒಳಗೆ ಬರುವ ಎರಡು ಗಂಟೆ ಮೊದಲೇ ನೀವು ಅಲ್ಲಿರಬೇಕು. ಸಂಜೆ ಅವರೆಲ್ಲ ಹೋದ ಮೇಲೆ ಇನ್ನೊಂದು ಗಂಟೆ. ನಡುವೆ ಕೂರುವುದು ಕಡಿಮೆ. ಸಿಮೆಂಟಿನ ನೆಲ ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಿಂದ ಸೊಂಟದ ತನಕ ಹತ್ತುತ್ತದೆ. ಪುಸ್ತಕ ತಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಚಪ್ಪಟೆ ಮಾಡಿ, ಎರಡು ಪದರ ಹಾಸಿ ಅದರ ಮೇಲೆ ನಿಲ್ಲಿ. ಇದನ್ನು ನನಗೆ ಹೇಳಿಕೊಟ್ಟದ್ದು ಪಕ್ಕದಲ್ಲಿ ಬ್ಯಾಡ್ಜು ಮಾರುತ್ತಿದ್ದ ಒಬ್ಬರು ಹಿರಿಯರು, ಇವತ್ತಿಗೂ ಅವರನ್ನು ನೆನೆಯುತ್ತೇನೆ. ತಗಡಿನ ಚಾವಣಿಯ ಕೆಳಗೆ ಸಾವಿರಾರು ಫೋನು ಸೇರಿದರೆ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನೆಟ್‌ವರ್ಕ್ ಸಾಯುತ್ತದೆ. ಆಗ ಯುಪಿಐ ತಿರುಗುತ್ತಲೇ ಇರುತ್ತದೆ, ಕೊಳ್ಳಲು ಬಂದವರು ಸಂಕೋಚದಿಂದ ಪುಸ್ತಕ ವಾಪಸ್ ಇಡುತ್ತಾರೆ. ಹತ್ತು, ಇಪ್ಪತ್ತು, ಐವತ್ತರ ನೋಟು ಒಂದು ಕಟ್ಟು ಮನೆಯಿಂದಲೇ ತನ್ನಿ. ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ಶೌಚಾಲಯದ ಸಾಲು ಉದ್ದ ಅಂತ ನೀರು ಕುಡಿಯದೆ ದಿನ ತಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹಾಗೆ ಮಾಡಬೇಡಿ. ಮೇಜನ್ನು ಪಕ್ಕದವರಿಗೆ ಒಪ್ಪಿಸಿ ಹೋಗಿ ಬನ್ನಿ, ಅಲ್ಲಿ ಒಬ್ಬರ ಮೇಜನ್ನು ಇನ್ನೊಬ್ಬರು ಕಾಯುವುದು ವಾಡಿಕೆ.

ವೇಷ ಹಾಕಿ ಬರುವವರ ಬಗ್ಗೆ ನೀವು ಕೇಳಿಲ್ಲ, ಆದರೆ ಕೆಲಸಕ್ಕೆ ನಿಂತ ಮೇಲೆ ನಿಮ್ಮ ಅರ್ಧ ದಿನ ಅವರ ನಡುವೆಯೇ. ಹೀಗೆ ಕಥೆಯ ಪಾತ್ರದ ವೇಷ ಹಾಕುವುದಕ್ಕೆ ಹೇಳುವ ಕಾಸ್‌ಪ್ಲೇ ಎಂಬ ಮಾತು 1984ರ ಸುಮಾರಿಗೆ ಜಪಾನಿನ ನೊಬುಯುಕಿ ತಕಹಾಶಿ ಎಂಬವರಿಂದ ಬಂತು. ವೇಷ ಮಾತ್ರ ನಮಗೆ ಹೊಸತಲ್ಲ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ನೋಡಿದವರಿಗೆ ಗೊತ್ತು, ಹಳೆ ಸೀರೆ, ಗೋಣಿಚೀಲ, ಮಸಿ, ಸೊಪ್ಪು ಇಷ್ಟರಲ್ಲೇ ಮನುಷ್ಯ ಹೇಗೆ ಇನ್ನೊಬ್ಬನಾಗುತ್ತಾನೆ ಅಂತ. ಅದು ದೇವರ ಹರಕೆ, ಇದು ಓದಿದ ಕಥೆಯ ಮೇಲಿನ ಪ್ರೀತಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಆದರೆ ವೇಷದೊಳಗಿನ ಮನುಷ್ಯನಿಗೆ ಮರ್ಯಾದೆ ಕೊಡಬೇಕೆಂಬುದು ಎರಡು ಕಡೆಯೂ ಒಂದೇ. ಫೋಟೊ ತೆಗೆಯುವ ಮೊದಲು ಕೇಳಬೇಕು. ವೇಷ ಹಾಕಿದ್ದಾರೆ ಅಂದರೆ ಮುಟ್ಟಬಹುದು ಅಂತಲ್ಲ. ಯಾರಾದರೂ ವೇಷದ ಹುಡುಗಿಯ ಹೆಗಲ ಮೇಲೆ ಕೇಳದೆ ಕೈ ಹಾಕಿದ್ದು ಕಂಡರೆ, ನೀವು ಅಂಜಿಕೆಯವರಾದರೂ ಆ ಹೊತ್ತಿಗೆ ‘ಕೇಳಿ ನಿಂತ್ಕೊಳ್ಳಿ’ ಎಂದು ಹೇಳಲೇಬೇಕು. ಜಗಳ ಬೇಡ. ಗಟ್ಟಿಯಾಗಿ, ಒಂದೇ ಸಲ ಹೇಳಿ, ಪಕ್ಕದಲ್ಲಿ ಹೋಗಿ ನಿಲ್ಲಿ. ಸಾಮಾನ್ಯವಾಗಿ ಅಷ್ಟು ಸಾಕು. ಸಾಲದಿದ್ದರೆ ಭದ್ರತೆಯವರನ್ನು ಕರೆಯಿರಿ.

ನಮ್ಮ ಜಿಲ್ಲೆಯಿಂದ ಹೋಗುವ ಹುಡುಗರಿಗೂ ಒಂದು ಮಾತು. ಪೀಚೆಕತ್ತಿ, ಒಡಿಕತ್ತಿ ನಮ್ಮ ಮನೆಗಳಲ್ಲಿ ಪೂಜೆಯ ವಸ್ತು. ಗೇಟಿನಲ್ಲಿ ಅದು ಲೋಹದ ಅಲಗು, ಒಳಗೆ ಬಿಡುವುದಿಲ್ಲ. ಬಿಡಬಾರದು ಕೂಡ. ಕಥೆಯ ಪಾತ್ರಕ್ಕೆ ಕತ್ತಿ ಬೇಕಾದರೆ ವ್ಯಾಯಾಮದ ಚಾಪೆಗೆ ಬಳಸುವ ದಪ್ಪ ಫೋಮ್ ಹಾಳೆ ತಂದು, ಕೊಯ್ದು, ಬಿಸಿ ಗಾಳಿ ಹಾಯಿಸಿ ಬಗ್ಗಿಸಿ, ಬೆಳ್ಳಿ ಬಣ್ಣ ಹಚ್ಚಿ. ಹತ್ತು ಅಡಿ ದೂರದಿಂದ ಅದು ಉಕ್ಕೇ.

ಈಗ ನಿಮ್ಮ ಪುಸ್ತಕಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನ್ನ ಕಸುಬು ಇದೇ.

ನಿಮ್ಮ 12 ಪುಟ ಒಳ್ಳೆಯ ಲೆಕ್ಕ. ನಡುವೆ ಪಿನ್ನು ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು, ಒಂದು ಹಾಳೆ ಮಡಿಸಿದರೆ ನಾಲ್ಕು ಪುಟವಾಗುತ್ತದಲ್ಲ. ಒಳಗೆ 12, ಹೊದಿಕೆಯ 4, ಒಟ್ಟು 16. ಏನೂ ಸೇರಿಸಬೇಕಿಲ್ಲ, ಕಿತ್ತುಹಾಕಬೇಕಿಲ್ಲ.

ನೀವು ಬರೆದಿರುವುದು ಕನ್ನಡದಲ್ಲಿ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಗುಳ್ಳೆ ಬರೆದು ಆಮೇಲೆ ಮಾತು ತುರುಕಬೇಡಿ. ಮೊದಲು ಮಾತು ಕೂರಿಸಿ, ಅದರ ಸುತ್ತ ಗುಳ್ಳೆ ಬರೆಯಿರಿ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡ ಅಕ್ಷರ, ಒಂದೇ ಎತ್ತರ, ಸಾಲುಗಳನ್ನು ಒತ್ತೊತ್ತಾಗಿ ಪೇರಿಸಬಹುದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’ ಎಂದು ಬರೆದು ಅದರ ಕೆಳಗಿನ ಸಾಲಿನಲ್ಲಿ ‘ಹಿಡಿ’ ಎಂದು ಬರೆದು ನೋಡಿ. ಮೇಲಿನ ಒತ್ತು ಕೆಳಗಿನ ಗುಡಿಸಿನ ತಲೆಗೆ ಕುಟ್ಟುತ್ತದೆ. ಹಾಗಾಗಿ ಇಂಗ್ಲಿಷಿನ ನಾಲ್ಕು ಸಾಲು ಹಿಡಿಯುವ ಗುಳ್ಳೆಯಲ್ಲಿ ಕನ್ನಡಕ್ಕೆ ಮೂರೇ ಸಾಲು. ಮೇಲಾಗಿ ನಮ್ಮ ಪದಗಳು ಉದ್ದ. ‘ಹೋಗಬೇಕಾಗಿತ್ತಲ್ಲ’ ಎಂಬುದನ್ನು ಗುಳ್ಳೆಯಲ್ಲಿ ಎರಡು ತುಂಡು ಮಾಡಿದರೆ ಓದುವವರ ನಾಲಿಗೆ ಎಡವುತ್ತದೆ. ಅದರ ಬದಲು ‘ಹೋಗ್ಬೇಕಿತ್ತು’ ಎಂದು ಬರೆಯಿರಿ. ಕನ್ನಡ ಕಾಮಿಕ್ಸ್‌ನ ಮಾತು ಆಡುಮಾತಿಗೆ ವಾಲಬೇಕಾದ್ದು ಚಂದಕ್ಕಷ್ಟೇ ಅಲ್ಲ, ಜಾಗಕ್ಕೂ. ನಿಮ್ಮ ಪಾತ್ರಗಳು ಶನಿವಾರಸಂತೆಯ ಸಂತೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಲಿ. ಅಂಚಿನಿಂದ ಅರ್ಧ ಸೆಂಟಿಮೀಟರಿನ ಒಳಗೆ ಯಾವ ಅಕ್ಷರವೂ ಬೇಡ, ಕತ್ತರಿಸುವ ಯಂತ್ರ ಸ್ವಲ್ಪ ಸರಿದರೂ ಒತ್ತಕ್ಷರ ಹೋಗಿಬಿಡುತ್ತದೆ.

ಅಚ್ಚು ಯಾವಾಗ ಹಾಕಿಸಬೇಕು ಎನ್ನುವುದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಒಂದು ವರ್ಷ ಕಡಿಮೆ ದರ ಸಿಕ್ಕಿತು ಅಂತ ಜುಲೈಯಲ್ಲಿ 100 ಪ್ರತಿ ಹಾಕಿಸಿ ಮಡಿಕೇರಿಯ ಮನೆಯಲ್ಲಿ ಮಂಚದ ಕೆಳಗೆ ಇಟ್ಟೆ. ನವೆಂಬರಿನಲ್ಲಿ ಪೆಟ್ಟಿಗೆ ಬಿಚ್ಚಿದರೆ ಹಸಿ ಗೋಣಿಯ ವಾಸನೆ. ಮೇಲಿನ ಹತ್ತು ಪುಸ್ತಕಕ್ಕೆ ಬೂಷ್ಟು. ಪ್ರತಿ ಪಿನ್ನಿನ ಸುತ್ತ ಕಾಫಿ ಕಲೆಯ ಹಾಗೆ ತುಕ್ಕಿನ ಉಂಗುರ. ಹೊದಿಕೆಗಳು ಒಣ ಬಾಳೆ ಎಲೆಯಂತೆ ಸುರುಳಿ. ಕಾಗದ ಗಾಳಿಯ ತೇವ ಕುಡಿಯುವ ವಸ್ತು. ಒಂದೇ ಮೈಗೆ ಪ್ಲಾಸ್ಟಿಕ್ ಪೊರೆ ಅಂಟಿಸಿದ ಹೊದಿಕೆಯಲ್ಲಿ ಬರಿಮೈ ಉಬ್ಬುತ್ತದೆ, ಪೊರೆಯ ಮೈ ಉಬ್ಬುವುದಿಲ್ಲ, ಅದಕ್ಕೇ ಸುರುಳಿ. ನೂರರಲ್ಲಿ 40 ಮಾತ್ರ ಮೇಜಿನ ಮೇಲಿಡುವ ಹಾಗಿದ್ದವು. ಅಂದಿನಿಂದ ನಾನು ಸಮಾವೇಶದ ವಾರದಲ್ಲೇ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹಾಕಿಸಿ ಅಲ್ಲಿಂದಲೇ ಒಯ್ಯುತ್ತೇನೆ. ನೀವೂ ಹಾಗೇ ಮಾಡಿ.

ನಿಮ್ಮ ಹಳೆಯ ಸಂಗ್ರಹಕ್ಕೂ ಇದು ಅನ್ವಯ. ಡಿಂಗನ ಕಥೆ ಬರುತ್ತಿದ್ದ ಬಾಲಮಂಗಳವೋ ಚಂದಮಾಮವೋ ಮನೆಯಲ್ಲಿ ಉಳಿದಿದ್ದರೆ ಅವು ತೆಳು ಕಾಗದ, ತಾವಾಗಿಯೇ ಹಳದಿಯಾಗುವ ಜಾತಿ. ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಡಬಹುದು, ಆದರೆ ಮಳೆಗಾಲದಲ್ಲಿ ಹಾಕಬೇಡಿ. ಜುಲೈಯಲ್ಲಿ ಬಾಯಿ ಮುಚ್ಚಿದ ಲಕೋಟೆ ಜುಲೈಯ ತೇವವನ್ನೇ ವರ್ಷವಿಡೀ ಒಳಗಿಟ್ಟುಕೊಳ್ಳುತ್ತದೆ. ಫೆಬ್ರವರಿಯಲ್ಲಿ, ಕಣದಲ್ಲಿ ಕಾಫಿ ಗಲಗಲ ಅನ್ನುವ ಬಿಸಿಲಿನ ದಿನ, ನೆರಳಲ್ಲಿ ಗಾಳಿಯಾಡಿಸಿ ಆಮೇಲೆ ಮುಚ್ಚಿ. ಹಳೆ ಪುಸ್ತಕಕ್ಕೆ ನೇರ ಬಿಸಿಲು ಬೇಡ. ಲಕೋಟೆ ಪಾಲಿಪ್ರೊಪಿಲೀನಿನದ್ದಿರಲಿ. ಪಿವಿಸಿ ಕಾಲ ಕಳೆದಂತೆ ಅಂಟಂಟಾಗಿ ಬಣ್ಣವನ್ನು ಎಬ್ಬಿಸುತ್ತದೆ. ಕಪಾಟನ್ನು ಗೋಡೆಗೆ ತಾಗಿಸಿ ಇಡಬೇಡಿ.

ಕನ್ನಡದ ಫಲಕ ಹಾಕಲು ಹಿಂಜರಿಯಬೇಡಿ ಎಂದು ಒತ್ತಿ ಹೇಳುತ್ತೇನೆ. ಆ ಸಭಾಂಗಣದಲ್ಲಿ ಕಣ್ಣಿಗೆ ಬೀಳುವುದೆಲ್ಲ ಇಂಗ್ಲಿಷ್. ಒಂದು ಸಂಜೆ ಜನ ಕರಗಿದ ಮೇಲೆ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಮ್ಮ ಮೇಜಿನ ಮುಂದೆ ನಿಂತರು. ಫಲಕದ ಮೇಲಿನ ಕನ್ನಡವನ್ನು ಬಾಯಿಬಿಟ್ಟು ಓದಿದರು. ‘ಇದು ನಮ್ಮ ಭಾಷಾದಾಗ ಐತೇನ್ರಿ?’ ಅಂದರು. ಎರಡು ಪುಟ ನಿಂತೇ ಓದಿ ನಕ್ಕರು. ನಾನು ‘ತಗೊಂಡು ಹೋಗಿ’ ಅಂದರೆ ಒಪ್ಪಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬೆಲೆ ಎಷ್ಟೋ ಅಷ್ಟನ್ನೂ ಎಣಿಸಿ ಕೊಟ್ಟು, ಮಗನಿಗೆ ಅಂತ ಒಂದು ಪ್ರತಿ ಒಯ್ದರು. ಎರಡು ದಿನದಿಂದ ಆ ಸಭಾಂಗಣದಲ್ಲೇ ಇದ್ದವರು ಅವರು. ಕೊಳ್ಳುವವರ ಹಾಗೆ ಅವರನ್ನು ಯಾವ ಮೇಜೂ ಕರೆದಿರಲಿಲ್ಲ. ಅವತ್ತಿನಿಂದ ನನ್ನ ಫಲಕದಲ್ಲಿ ಕನ್ನಡವೇ ಮೇಲೆ, ದೊಡ್ಡದು.

ಇನ್ನು ನಿಮ್ಮ ತಂದೆಯವರು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಸಮಾವೇಶ ನವೆಂಬರಿನಿಂದ ಜನವರಿಯ ನಡುವೆ ಬೀಳುತ್ತಿದೆ. ಅರೇಬಿಕಾ ಹಣ್ಣಾಗಿ, ಆಳು ಸಿಗದೆ, ಮೋಡ ಕಂಡರೆ ಎದೆ ಡವಗುಟ್ಟುವ ಕಾಲ ಅದು. ಆ ಹೊತ್ತಿನಲ್ಲಿ ಮನೆಯ ಒಂದು ಜೋಡಿ ಕೈ ಎರಡು ದಿನ ಇಲ್ಲದಿರುವುದು ಸಣ್ಣ ಮಾತಲ್ಲ, ಅಪ್ಪನ ಬೇಸರದಲ್ಲಿ ಅರ್ಧ ಅದೇ ಇರಬೇಕು. ಮೊದಲು ಆ ಅರ್ಧಕ್ಕೆ ಉತ್ತರ ಕೊಡಿ. ಹೋಗುವ ಮೊದಲಿನ ವಾರ ನಿಮ್ಮ ಪಾಲಿನ ಸಾಲು ಮುಗಿಸಿ, ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕಣದಲ್ಲಿ ಇರುತ್ತೇನೆ ಎಂದು ತಾರೀಖು ಸಮೇತ ಹೇಳಿ, ಹಾಗೆಯೇ ನಡೆದುಕೊಳ್ಳಿ. ಇತ್ತೀಚೆಗೆ ಸಮಾವೇಶ ನಡೆಯುವ ವೈಟ್‌ಫೀಲ್ಡಿನಿಂದ ಮೈಸೂರು ರಸ್ತೆಯ ತನಕ ನೇರಳೆ ಮಾರ್ಗದ ಒಂದೇ ಮೆಟ್ರೊ ಇದೆ, ರಾತ್ರಿ ಬಸ್ಸು ಹಿಡಿಯುವುದು ಮೊದಲಿನಷ್ಟು ಪರದಾಟವಲ್ಲ. ಇದನ್ನೂ ಅವರಿಗೆ ಹೇಳಿ. ಮಗಳು ರಾತ್ರಿ ಎಲ್ಲಿರುತ್ತಾಳೆ ಎಂಬ ಚಿಂತೆಯನ್ನು ಅಪ್ಪಂದಿರು ಬಾಯಿಬಿಟ್ಟು ಹೇಳುವುದಿಲ್ಲ.

‘ಮಕ್ಕಳ ಪುಸ್ತಕ’ ಎಂಬ ಇನ್ನರ್ಧಕ್ಕೆ, ಅವರನ್ನು ವಿಜಯದಶಮಿಯ ರಾತ್ರಿ ಮಡಿಕೇರಿಗೆ ಕರೆದುಕೊಂಡು ಬನ್ನಿ. ನೋಡಿಯೇ ಇರುತ್ತಾರೆ, ಆದರೂ ನಿಮ್ಮ ಜೊತೆ ಇನ್ನೊಮ್ಮೆ ನೋಡಲಿ. ಹತ್ತು ಮಂಟಪ. ಪ್ರತಿಯೊಂದರಲ್ಲೂ ಒಂದು ಪುರಾಣದ ಕಥೆ. ಆಳೆತ್ತರ ಮೀರಿದ ರಾಕ್ಷಸನ ಕೈ ಏಳುತ್ತದೆ, ಕಣ್ಣು ಉರಿಯುತ್ತದೆ, ಹೊಗೆ ಹಾಯುತ್ತದೆ, ದೇವಿಯ ಶೂಲ ಇಳಿಯುತ್ತದೆ, ಜನ ಬೆಳಗಿನ ಜಾವದ ತನಕ ಚಳಿಯಲ್ಲಿ ನಿಂತು ನೋಡುತ್ತಾರೆ. ಆ ಕೈ ಯಾವ ಕ್ಷಣಕ್ಕೆ ಏಳಬೇಕು, ಎಷ್ಟು ಹೊತ್ತು ಎತ್ತಿದಲ್ಲೇ ನಿಲ್ಲಬೇಕು, ಯಾವಾಗ ಬೆಳಕು ಆರಬೇಕು ಎಂದು ಮಂಟಪ ಸಮಿತಿಯ ಹುಡುಗರು ವಾರಗಟ್ಟಲೆ ನಿದ್ದೆಗೆಟ್ಟು ಲೆಕ್ಕ ಹಾಕುತ್ತಾರೆ. ನೀವು ನಿಮ್ಮ ಪುಟದಲ್ಲಿ ಮಾಡುವುದೂ ಇದೇ ಲೆಕ್ಕ. ಒಂದು ಚೌಕದಲ್ಲಿ ಕೈ ಎತ್ತಿಸಿ, ಪುಟ ತಿರುಗಿಸುವ ತನಕ ತಡೆದು, ಮುಂದಿನ ಪುಟದಲ್ಲಿ ಇಳಿಸುತ್ತೀರಿ. ಮಂಟಪ ಕಟ್ಟುವವರನ್ನು ನಮ್ಮೂರಲ್ಲಿ ಯಾರೂ ಮಕ್ಕಳಾಟ ಆಡುವವರು ಅನ್ನುವುದಿಲ್ಲ. ಅಪ್ಪನ ಪಕ್ಕ ನಿಂತು, ರಾಕ್ಷಸನ ಕೈ ಮೇಲೆ ತಡೆದು ನಿಂತಾಗ, ‘ಇದನ್ನೇ ನಾನು ಕಾಗದದ ಮೇಲೆ ಮಾಡ್ತಿರೋದು’ ಎಂದು ಹೇಳಿ ನೋಡಿ.

ಕೊಡಗಿನಲ್ಲೇ ಮಾಡೋಕೆ ಆಗಲ್ವಾ ಅಂದಿರಿ. ಆಗುತ್ತದೆ, ಚಿಕ್ಕದಾಗಿ ಶುರುಮಾಡಿದರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. ಆಮೇಲೆ ಅದು ಮುನ್ನೂರು ದಾಟಿತು. ವರ್ಷಕ್ಕೊಂದು ಕುಟುಂಬ ಹೊಣೆ ಹೊರುವ ಪದ್ಧತಿಯೇ ಅದನ್ನು ಉಳಿಸಿದ್ದು ಅಂತ ನನ್ನ ನಂಬಿಕೆ. ಕಾಮಿಕ್ಸ್‌ಗೂ ಹಾಗೇ ಮಾಡಬಹುದು, ಒಂದು ವರ್ಷ ಸೋಮವಾರಪೇಟೆಯವರು, ಮರುವರ್ಷ ವಿರಾಜಪೇಟೆಯವರು. ವೇದಿಕೆ, ಧ್ವನಿವರ್ಧಕ, ಮುಖ್ಯ ಅತಿಥಿ ಯಾವುದೂ ಬೇಡ. ಒಂದು ಕೋಣೆ, ಶಾಮಿಯಾನದ ಅಂಗಡಿಯಿಂದ ಆರು ಮೇಜು, ಹಳೆ ಪುಸ್ತಕ ಅದಲುಬದಲು ಮಾಡಿಕೊಳ್ಳಲು ಒಂದು ಚಾಪೆ. ಕೇರಳದ ಗಡಿಯ ಕಡೆಯಿಂದ ಮಲಯಾಳದ ಚಿತ್ರಕಥೆ ಓದಿ ಬೆಳೆದವರೂ ಬರಲಿ. ಅವರ ಡಿಂಕನ್, ನಮ್ಮ ಡಿಂಗ ಒಂದೇ ಇಲಿಯಲ್ಲವೇ. ಕಾಲ ಮಾತ್ರ ಸರಿಯಾಗಿ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಕಾಗದ ತಡೆಯುವುದಿಲ್ಲ. ದಸರೆಯ ದಿನಗಳಲ್ಲಿ ಮಡಿಕೇರಿಯಲ್ಲಿ ಕಾಲಿಡಲು ಜಾಗವಿಲ್ಲ. ದಸರೆ ಮುಗಿದು ಕುಯ್ಲು ಹಿಡಿಯುವ ಮೊದಲು ಎರಡು ಮೂರು ವಾರ ಸಿಗುತ್ತದೆ, ಆ ನಡುವೆ ಒಂದು ಭಾನುವಾರ.

ಅದಕ್ಕೆ ಮೇಜು ಹೊರಲು ನಾನಿದ್ದೇನೆ. ಅಷ್ಟರೊಳಗೆ ನಿಮ್ಮ 12 ಪುಟಗಳ ಜೆರಾಕ್ಸ್ ಕಳಿಸಿ, ಅಸಲು ಪುಟ ಕಳಿಸಬೇಡಿ, ಮಳೆಗಾಲದ ಅಂಚೆ. ಗುಳ್ಳೆಗಳಲ್ಲಿ ಮಾತು ಕೂರಿಸಿಯೇ ಕಳಿಸಿ. ಒತ್ತಕ್ಷರ ಎಲ್ಲಿ ಕುಟ್ಟುತ್ತದೆ ಎಂದು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.